ಒಬ್ಬ ಮಗನೋ, ಎಲ್ಲಾ ಮಕ್ಕಳೋ?

ಕುದುರೆಮುಖದ ಸೀಮೆಯವರಾದ ನಾವು ಗಂಗಾಮೂಲವನ್ನು ಬಲ್ಲೆವು. ಒಂದೇ ಬೆಟ್ಟದಲ್ಲಿ ಹುಟ್ಟಿದ ತುಂಗಾ ಭದ್ರಾ ನದಿಗಳು ಮೂಡಲಿಗೂ ನೇತ್ರಾವತಿಯು ಪಡುವಲಿಗೂ ಹರಿದು ಹೋಗುತ್ತವೆ. 1947ರಲ್ಲಿ ನಮ್ಮ ದೇಶದ ಸೈನ್ಯಕ್ಕೂ ಹಾಗೆಯೇ ಆಯಿತು. ಒಂದೇ ಪಾಳೆಯದಲ್ಲಿ ಉಂಡು ಮಲಗಿದವರು ಭಾರತ, ಪಾಕಿಸ್ತಾನ ಎಂಬ ಎರಡು ರಾಷ್ಟ್ರಗಳ ಸಿಪಾಯಿಗಳಾದರು. ಆ ವರುಷದ ಆಗಸ್ಟ್ ತಿಂಗಳಲ್ಲಿ ದೆಹಲಿಯ ಬೀಳ್ಕೊಡುವ ಕೂಟದಲ್ಲಿ, ನಮ್ಮ ತೆಂಕಲ ನೆರೆಯಾದ ಕೊಡಗಿನ ಕೆ. ಎಂ. ಕಾರ್ಯಪ್ಪನವರು ಅಗಲಿ ಹೋಗುವ ಅಧಿಕಾರಿಗಳಿಗೆ ನೆನಪಿಗಾಗಿ ಒಂದು ಬೆಳ್ಳಿಯ ಪ್ರತಿಮೆಯನ್ನು ಕೊಟ್ಟರು. ಹಿಂದೂ ಸಿಪಾಯಿಯೂ ಮುಸಲ್ಮಾನ ಸಿಪಾಯಿಯೂ ಅದರಲ್ಲಿ ಜೊತೆಯಾಗಿ ನಿಂತಿದ್ದರು. ಕೆಲವೇ ತಿಂಗಳುಗಳಲ್ಲಿ ಕಾಶ್ಮೀರದಲ್ಲಿ ಆ ಎರಡು ಸೈನ್ಯಗಳೊಳಗೆ ಯುದ್ಧವಾಯಿತು.

ಹೀಗಿರಲಾಗಿ ಆ ಗೆಳೆತನವು ಬರೀ ಬೆಳ್ಳಿಯ ಬೊಂಬೆಯಾಗಿತ್ತೋ? ಇದಕ್ಕೆ ಉತ್ತರವು 1965ರಲ್ಲಿ ದೊರೆಯಿತು. ಆಗ ಕಾರ್ಯಪ್ಪನವರು ಸೇವೆಯಿಂದ ನಿವೃತ್ತರಾಗಿದ್ದರು. ಅವರ ಮಗ ನಂದಾ ಕಾರ್ಯಪ್ಪನವರು ನಡಿಸುತ್ತಿದ್ದ ಯುದ್ಧವಿಮಾನವು ಸೆಪ್ಟೆಂಬರ್ 22ರಲ್ಲಿ, ಕದನವು ನಿಲ್ಲುವದಕ್ಕೆ ಒಂದು ದಿನ ಮುಂಚೆ, ಗುಂಡಿನೇಟಿಗೆ ಬಿದ್ದು ಅವರು ಸೆರೆಯಾದರು. ಪಾಕಿಸ್ತಾನದ ರಾಷ್ಟ್ರಾಧ್ಯಕ್ಷರಾಗಿದ್ದ ಅಯೂಬ್ ಖಾನರು ವಿಭಾಗಕ್ಕೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ನಿಮ್ಮ ಮಗನನ್ನು ಬಿಟ್ಟುಬಿಡುತ್ತೇವೆಂದು ಅವರಿಂದ ಸಂದೇಶ ಬಂತು. ತಂದೆಯಾದರೋ ಅದನ್ನು ಒಪ್ಪಲಿಲ್ಲ. ಸೆರೆಯಲ್ಲಿರುವ ಸಿಪಾಯಿಗಳೆಲ್ಲರೂ ನನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡಿರಿ ಎಂಬ ಅರ್ಥದ ಉತ್ತರವನ್ನು ಕಳುಹಿಸಿದರು.

ಇದು ಕಠಿಣ ಹೃದಯವಲ್ಲವೋ ಎಂದು ನಮ್ಮಲ್ಲಿ ಕೆಲವರು ಕೇಳಿಯಾರು. ಆ ಸಂದೇಶವು ನಮ್ಮ ಮನೆಗೆ ಬಂದಿದ್ದರೆ ನಾವು ಎರಡು ಕೈಗಳಿಂದ ಅದನ್ನು ಹಿಡಿಯುತ್ತಿದ್ದೆವು, ಇದನ್ನು ಮರೆಮಾಡಲಾರೆವು. ಅಯೂಬ್ ಖಾನರ ಮನಸ್ಸಿನಲ್ಲಿಯೂ ಕಪಟವಿತ್ತೆಂದು ಹೇಳಲು ನಮಗೆ ಕಾರಣವಿಲ್ಲ. ಹದಿನೆಂಟು ವರುಷಗಳ ಹಗೆಯು ಹಳೇ ಮರ್ಯಾದೆಯನ್ನು ಸುಟ್ಟುಬಿಡಲಿಲ್ಲವೆಂಬದು ಸಂತೋಷದ ಸಂಗತಿಯೇ. ಆದರೆ ಅದೇ ಸೆರೆಯಲ್ಲಿ ಒಕ್ಕಲಿಗರ ಮಕ್ಕಳೂ ಕೂಲಿಯವರ ಮಕ್ಕಳೂ ಇದ್ದಿರಬೇಕು. ಅವರ ತಂದೆಗಳಿಗೆ ಅರಮನೆಯಲ್ಲಿ ಗೆಳೆಯರಿರಲಿಲ್ಲ. ಅವರು ಉಳಿದು ಒಬ್ಬನೇ ಹೊರಗೆ ಬಂದರೆ, ಆ ಉಪಕಾರದ ಕ್ರಯವನ್ನು ಯಾರು ಕೊಟ್ಟ ಹಾಗಾಯಿತು? ಆದಕಾರಣ ಕಾರ್ಯಪ್ಪನವರು ಗೆಳೆತನವನ್ನು ತಳ್ಳಿಬಿಡಲಿಲ್ಲ, ಗೆಳೆಯನಿಂದ ಇನ್ನೂ ದೊಡ್ಡದನ್ನು ಬೇಡಿದರು ಎಂದು ನಾವು ತಿಳಿಯುತ್ತೇವೆ. ಮಗನು 1966ರ ಆರಂಭದಲ್ಲಿ ಬಿಡುಗಡೆಯಾಗಿ ಮನೆಗೆ ಬಂದನು.

ಈ ಪರೀಕ್ಷೆಯು ಸೇನಾಪತಿಗಳಿಗೆ ಮಾತ್ರ ಬರುವದಲ್ಲ. ತೋಟದ ರೈಟರನು ನಮ್ಮ ನೆಂಟನಾದರೆ ನಮ್ಮ ಹುಡುಗನಿಗೆ ಹಗುರವಾದ ಕೆಲಸ, ಆಸ್ಪತ್ರೆಯಲ್ಲಿ ಪರಿಚಯವಿದ್ದರೆ ಸಾಲಿನಲ್ಲಿ ಮೊದಲನೇ ಸ್ಥಳ. ಇದನ್ನು ನಾವು ಪ್ರೀತಿಯೆಂದು ಕರೆಯುತ್ತೇವೆ. ಹಿಂದೆ ನಿಂತವಳ ಕೈಯಲ್ಲಿರುವ ಜ್ವರದ ಕೂಸನ್ನು ತಿರುಗಿ ನೋಡುವದಿಲ್ಲ.

ಕಾರ್ಯಪ್ಪನವರು ಭಾರತೀಯರಲ್ಲಿ ಮೊದಲನೆಯವರಾಗಿ ಸೇನಾಧಿಪತ್ಯವನ್ನು ವಹಿಸಿಕೊಂಡ 1949ರ ಜನವರಿ 15ರ ನೆನಪಿಗಾಗಿ ಪ್ರತಿ ವರುಷ ಸೇನಾ ದಿನವನ್ನು ಆಚರಿಸುತ್ತಾರೆ. ಆ ದಿನ ನಮ್ಮ ಸತ್ತವರನ್ನು ಗೌರವದಿಂದ ನೆನಸೋಣ. ಗಡಿಯ ಆಚೆಯಲ್ಲಿಯೂ ತಾಯಂದಿರು ಮಕ್ಕಳನ್ನು ಕಳಕೊಂಡಿದ್ದಾರೆಂಬದನ್ನು ಮರೆಯದಿರೋಣ. ನೆನಪು ನಮ್ಮ ಹೊಸ್ತಿಲಲ್ಲಿಯೇ ನಿಂತುಬಿಟ್ಟರೆ, ಅದು ಅರ್ಧ ನೆನಪೇ ಸರಿ.