ಕಾಣದ ನೀರಿನ ಧರ್ಮ

ತನ್ನ ನೆಲದ ಅಡಿಯಲ್ಲಿರುವ ನೀರು ಯಾರದು? ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವರು ಪಂಡಿತರಲ್ಲ, ನೆರೆಮನೆಯ ಒಬ್ಬ ವೃದ್ಧೆ. ದಾಸೋಹಕ್ಕೆ ನೀರು ಸಾಲದಾದಾಗ ಭಕ್ತರು ಸೇರಿ ಮಠದ ಆವರಣದಲ್ಲಿ ಕೊಳವೆಬಾವಿ ತೆಗೆಸಿದರು. ಗಂಗಾಪೂಜೆಯಾಯಿತು, ನಾವೂ ಸಂತೋಷಪಟ್ಟೆವು. ಎರಡು ಬೇಸಗೆ ಕಳೆಯುವಷ್ಟರಲ್ಲಿ ಆ ತಾಯಿಯ ಹಿತ್ತಲಿನ ಬಾವಿ ಬತ್ತಿತು. "ಅಜ್ಜಾರ, ನನ್ನ ಬಾವ್ಯಾಗಿನ ನೀರು ಮಠಕ್ಕ ಬಂದೈತೇನ್ರಿ?" ಎಂದು ಅವರು ಕೇಳಿದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಆದುದರಿಂದಲೇ ಅದು ನಮ್ಮನ್ನು ಬಿಡದೆ ಕಾಡಿತು.

ಕಾಯ್ದೆಯನ್ನು ಕೇಳಿದರೆ ಉತ್ತರ ಸುಲಭ. ನೆಲದೊಡೆಯನು ತನ್ನ ನೆಲದಡಿಯ ನೀರನ್ನು ತೆಗೆದುಕೊಳ್ಳಬಹುದೆಂದು 1882ರ ಈಸ್‌ಮೆಂಟ್ ಕಾಯ್ದೆಯ ಕಾಲದಿಂದ ಎಣಿಸುತ್ತ ಬಂದಿದ್ದಾರೆ. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯು ಅಧಿಸೂಚಿತ ಪ್ರದೇಶಗಳಲ್ಲಿ ಅಪ್ಪಣೆ ಬೇಕೆಂದಿತು. ಆದರೆ ಅಪ್ಪಣೆಯಿದ್ದ ಮಾತ್ರಕ್ಕೆ ಕೃತ್ಯವು ಧರ್ಮ್ಯವಾಗುವುದೆ?

ನಮ್ಮದು ಕೆರೆಗಳ ಸೀಮೆ. ಹಾನಗಲ್ಲಿಗೆ ಆನೆಕೆರೆಯುಂಟು, ಹಿರೇಕೆರೂರಿನ ಹೆಸರಿನಲ್ಲಿಯೇ ಹಿರಿಯ ಕೆರೆಯಿದೆ, ಮಾಸೂರಿನ ಬಳಿ ಎರಡು ಗುಡ್ಡಗಳ ನಡುವೆ ಕುಮುದ್ವತಿಗೆ ಕಟ್ಟಿದ ಮದಗದ ಕೆರೆಯನ್ನು ನೋಡದವರು ವಿರಳ. ಕೆರೆಯ ರಕ್ಷಣೆಗೆಂದು ಭೂಮಿ ಬಿಟ್ಟ 'ಬಿತ್ತುವಟ್ಟ', 'ಕಟ್ಟುಗೊಡಗೆ'ಗಳನ್ನು ಕನ್ನಡ ಶಾಸನಗಳು ಹೇಳುತ್ತವೆ. ಆ ಕಾಲವೆಲ್ಲ ನ್ಯಾಯದ ಕಾಲವಾಗಿತ್ತೆಂದು ನಾವು ಹೇಳಲಾರೆವು. ಜಾತಿಯ ಕಾರಣದಿಂದ ಕೆರೆಯ ಮೆಟ್ಟಿಲಿಳಿಯಲು ಬಿಡದಿದ್ದ ಜನರ ಮುಂದೆ ಆ ಮಾತನ್ನಾಡುವ ಬಾಯಿ ನಮಗಿಲ್ಲ. ಆದರೂ ಕೆರೆಗೆ ಒಂದು ಗುಣವಿತ್ತು: ನೀರು ತಗ್ಗಿದರೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ತೂಬು ಎತ್ತಿದವನು ಯಾರೆಂಬುದು ಊರಿಗೆ ತಿಳಿಯುತ್ತಿತ್ತು. ಕೊಳವೆಬಾವಿಯಲ್ಲಿ ಗುಂಡಿ ಒತ್ತಿದವನಿಗೇ ತಾನು ಎಷ್ಟು, ಯಾರ ಪಾಲನ್ನು ಎತ್ತಿದೆನೆಂಬುದು ತಿಳಿಯದು.

ಹೀಗೆ ಕಾಣದ ನೀರನ್ನು ನಂಬಿ ಬದುಕುವವರ ಸ್ಥಿತಿಯನ್ನು ಸಮುದ್ರಮಧ್ಯದ ಸಣ್ಣ ದ್ವೀಪರಾಷ್ಟ್ರಗಳಲ್ಲಿ ಸ್ಪಷ್ಟವಾಗಿ ನೋಡಬಹುದು. ಮಾಲ್ದೀವ್ಸಿನಂತಹ ಹವಳದ ದ್ವೀಪಗಳಲ್ಲಿ ನದಿಯಿಲ್ಲ. ಬಿದ್ದ ಮಳೆ ಮರಳಿನೊಳಗಿಳಿದು, ಕೆಳಗಿನ ಉಪ್ಪುನೀರಿನ ಮೇಲೆ ಹಾಲಿನ ಮೇಲಣ ಕೆನೆಯಂತೆ ತೆಳುವಾಗಿ ನಿಲ್ಲುತ್ತದೆ. ಒಬ್ಬನು ಮಿತಿಮೀರಿ ಸೇದಿದರೆ ಕೆಳಗಿನ ಉಪ್ಪು ಮೇಲೇರಿ ಅವನ ಬಾವಿಯೂ ನೆರೆಯವನ ಬಾವಿಯೂ ಕೆಡುತ್ತವೆ. ರಾಜಧಾನಿ ಮಾಲೆಯಲ್ಲಿ ಹೀಗೆ ಸಿಹಿನೀರು ಕೆಟ್ಟು, ಜನರು ಕಡಲ ನೀರಿನ ಉಪ್ಪು ತೆಗೆಯುವ ಯಂತ್ರವನ್ನೇ ನಂಬಬೇಕಾಯಿತು. 2014ರ ಡಿಸೆಂಬರಿನಲ್ಲಿ ಆ ಸ್ಥಾವರಕ್ಕೆ ಬೆಂಕಿ ತಗುಲಿದಾಗ ನಗರಕ್ಕೆ ನಗರವೇ ಬಾಯಾರಿತು. ಭಾರತವು ವಿಮಾನ, ಹಡಗುಗಳಲ್ಲಿ ಕುಡಿಯುವ ನೀರು ಕಳಿಸಿತು.

ಆ ದ್ವೀಪವಾಸಿಗಳಿಗೆ ಇನ್ನೊಂದು ಸಂಕಟವಿದೆ, ಅದು ಇದಕ್ಕಿಂತ ಕಠಿನ. ದೂರದ ಸಂಪನ್ನ ದೇಶಗಳು ಉರಿಸಿದ ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಭೂಮಿ ಕಾದು, ಕಡಲು ಏರಿ, ಅವರ ಅಂಗಳಕ್ಕೆ ಬರುತ್ತಿದೆ. 1990ರಲ್ಲಿ ಇಂತಹ ರಾಷ್ಟ್ರಗಳು ಒಕ್ಕೂಟ ಕಟ್ಟಿಕೊಂಡು ಜಗತ್ತಿನ ಮುಂದೆ ನಿಂತುದು ಇದೇ ದೂರನ್ನು ಹೊತ್ತು. ಮಾಡಿದವನೇ ಉಣ್ಣುವನೆಂದು ನಾವು ಪ್ರವಚನದಲ್ಲಿ ಹೇಳುತ್ತೇವೆ. ಇಲ್ಲಿ ಮಾಡಿದವನೊಬ್ಬ, ಉಣ್ಣುವವನೊಬ್ಬ. ಅದನ್ನು ಓದುವಾಗ ನಮಗೆ ಆ ದೊಡ್ಡ ದೇಶಗಳ ಮೇಲೆ ಸಿಟ್ಟು ಬರುತ್ತದೆ. ಆ ವೃದ್ಧೆಯ ಪಾಲಿಗೆ ನಾವೇ ಅಂತಹ ದೊಡ್ಡ ದೇಶವಾಗಿದ್ದೆವೆಂಬುದು ಹೊಳೆಯಲು ಮಾತ್ರ ಬಹಳ ದಿನ ಹಿಡಿಯಿತು.

"ಸ್ವಂತಕ್ಕಲ್ಲ, ದಾಸೋಹಕ್ಕೆ ತಾನೆ ತೆಗೆದದ್ದು" ಎಂದು ಶಿಷ್ಯರೊಬ್ಬರು ಸಮಾಧಾನ ಹೇಳಿದರು. ಅದನ್ನು ನಾವು ಒಪ್ಪಲಿಲ್ಲ. ದಾಸೋಹವೆಂದರೆ ತನ್ನ ಕಾಯಕದ ಫಲವನ್ನು ಹಂಚುವುದು. ಅರಿಯದೆ ಪರರ ಬಾವಿಯಿಂದ ಎಳೆದುದನ್ನು ಹಂಚಿ ಪುಣ್ಯವನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳುವುದಲ್ಲ. ಅರಿಯದೆ ಮಾಡಿದುದಕ್ಕೆ ದೋಷ ಅಲ್ಪವೆನ್ನಬಹುದು. ಅರಿತ ಮರುದಿನವೂ ಗುಂಡಿ ಒತ್ತಿದರೆ?

ಈಗ ಮಠದ ಮಾಳಿಗೆಯ ಮೇಲಿನ ಮಳೆನೀರನ್ನು ಸೋಸಿ ಆ ತಾಯಿಯ ಬಾವಿಗೆ ಬಿಟ್ಟಿದ್ದೇವೆ. ಪಂಪು ನಡೆಸುವ ಹೊತ್ತನ್ನು ಅರ್ಧಕ್ಕಿಳಿಸಿದೆವು. ಜಾತ್ರೆಯಲ್ಲಿ ತೊಂದರೆಯಾಯಿತೆಂದು ಕೆಲವು ಭಕ್ತರು ಗೊಣಗಿದ್ದೂ ಉಂಟು. ಅವರ ಮನೆಗೆ ಕೊಳವೆಯ ಮೂಲಕ ನಮ್ಮ ನೀರೂ ಹೋಗುತ್ತಿದೆ. ಆದರೂ ಅವರು ಬಾವಿಯ ಗಾಲಿಯನ್ನು ಕಳಚಿಲ್ಲ. ಮಳೆ ಬಿದ್ದ ಮುಂಜಾನೆ ಬಗ್ಗಿ ನೋಡುತ್ತಾರೆ.