ಹಾಡಿನ ಹಕ್ಕುದಾರರು

ಡಿಸೆಂಬರ್ ಬಂತೆಂದರೆ ಕ್ರೈಸ್ತರಲ್ಲದ ಮನೆಗಳ ಮಕ್ಕಳೂ ಶಾಲೆಯಲ್ಲಿ ಕಲಿತ ಕ್ರಿಸ್‌ಮಸ್ ಹಾಡನ್ನು ಗುನುಗುತ್ತ ಮನೆಗೆ ಬರುತ್ತಾರೆ. ಹಿರಿಯರಲ್ಲಿ ಕೆಲವರು ಮುಗುಳ್ನಗುತ್ತಾರೆ. ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ‘ನಮ್ಮದಲ್ಲದ ದೇವರ ಹಾಡು ನಮಗೇಕೆ?’ ಎಂಬುದು ಇವರ ಪ್ರಶ್ನೆ. ಕ್ರೈಸ್ತ ಸ್ನೇಹಿತರಲ್ಲಿಯೂ ಒಂದು ಕೊರಗುಂಟು: ‘ಅರ್ಥ ಬಿಟ್ಟು ರಾಗವನ್ನಷ್ಟೇ ಹಾಡುತ್ತಾರಲ್ಲ!’ ಎರಡು ಮಾತಿನ ಬೇರೂ ಒಂದೇ. ಹಾಡು ಯಾರ ಸ್ವತ್ತು? ನಂಬಿಕೆಯಿಲ್ಲದವನು ಅದನ್ನು ಹಾಡುವುದು ಸರಿಯೆ?

ಈ ಹಾಡುಗಳ ಚರಿತ್ರೆಯನ್ನೇ ಸಾಕ್ಷಿಗೆ ಕರೆಯೋಣ. ‘ಸೈಲೆಂಟ್ ನೈಟ್’ ಎಂದು ಲೋಕವೆಲ್ಲ ಬಲ್ಲ ಗೀತೆಯನ್ನು 1816ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದವನು ಯೋಸೆಫ್ ಮೋರ್ ಎಂಬ ಪಾದ್ರಿ. 1818ರ ಡಿಸೆಂಬರ್ 24ರಂದು ಅದಕ್ಕೆ ಮಟ್ಟು ಹಾಕಿದವನು ಫ್ರಾನ್ಸ್ ಗ್ರೂಬರ್ ಎಂಬ ಶಾಲಾಮಾಸ್ತರ. ಆಸ್ಟ್ರಿಯದ ಓಬರ್ನ್‌ಡಾರ್ಫಿನ ಇಗರ್ಜಿಯಲ್ಲಿ ಇಬ್ಬರೂ ಗಿಟಾರಿನ ಜೊತೆಗೆ ಅದನ್ನು ಹಾಡಿದರು. ಟಿರೋಲಿನ ಸಂಚಾರಿ ಹಾಡುಗಾರರು ಅದನ್ನು ದೇಶಾಂತರಕ್ಕೆ ಒಯ್ದರು. ಕರ್ತೃಗಳ ಹೆಸರು ದಾರಿಯಲ್ಲೇ ಉದುರಿಹೋಯಿತು. ಕೊನೆಗೆ 1854ರಲ್ಲಿ ಬರ್ಲಿನ್ನಿನ ಅರಮನೆಯಿಂದ ವಿಚಾರಣೆ ಬಂದಾಗ, ಹಾಡು ಹುಟ್ಟಿದ ಬಗೆಯನ್ನು ಗ್ರೂಬರ್ ತಾನೇ ಬರೆದು ತಿಳಿಸಬೇಕಾಯಿತು. ಮೋರ್ ಅಷ್ಟರಲ್ಲಿ ತೀರಿಕೊಂಡಿದ್ದ. ಮುಂದೆ 1914ರ ಕ್ರಿಸ್‌ಮಸ್ ಹೊತ್ತಿಗೆ, ಎದುರುಬದುರು ಕಂದಕಗಳಲ್ಲಿದ್ದ ಜರ್ಮನ್ ಮತ್ತು ಬ್ರಿಟಿಷ್ ಸೈನಿಕರು ಹಬ್ಬದ ಹಾಡುಗಳನ್ನು ಹಾಡಿ, ಕೆಲವೆಡೆ ಬಂದೂಕು ಬದಿಗಿಟ್ಟು ಹೊರಬಂದರು. ಹಾಡು ಯಾವ ಪಕ್ಷದ್ದೆಂದು ಆ ರಾತ್ರಿ ಯಾರೂ ಕೇಳಲಿಲ್ಲ.

ಇನ್ನು ‘ಜಿಂಗಲ್ ಬೆಲ್ಸ್’. ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ 1857ರಲ್ಲಿ ಪ್ರಕಟಿಸಿದ ಈ ಹಾಡಿನಲ್ಲಿ ಕ್ರಿಸ್ತನ ಹೆಸರಿಲ್ಲ, ಕ್ರಿಸ್‌ಮಸ್ಸಿನ ಹೆಸರೂ ಇಲ್ಲ. ಇರುವುದು ಹಿಮದ ಮೇಲೆ ಕುದುರೆಬಂಡಿಯ ಓಟ. 1942ರ ಚಲನಚಿತ್ರವೊಂದರಿಂದ ಹೆಸರಾದ ‘ವೈಟ್ ಕ್ರಿಸ್‌ಮಸ್’ ಗೀತೆಯನ್ನು ಬರೆದ ಅರ್ವಿಂಗ್ ಬರ್ಲಿನ್ ಯೆಹೂದಿ. ಹಬ್ಬದ ಮನೆಯವರೇ ಹೊರಗಿನ ಹಾಡನ್ನು ಒಳಕ್ಕೆ ಕರೆದುಕೊಂಡಿದ್ದಾರೆ!

ಹಾಗಾದರೆ ಹೇಗೆ ಹಾಡಿದರೂ ಸರಿಯೆ? ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಗೆ ಒಮ್ಮೆ ಡಿಸೆಂಬರಿನಲ್ಲಿ ಹೋಗಿದ್ದೆ. ಭದ್ರಾ ನಾಲೆಯ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದಿತ್ತು. ರಸ್ತೆಯಲ್ಲಿ ಹಿಂದಕ್ಕೆ ಸರಿಯುತ್ತಿದ್ದ ಕಾರೊಂದು ‘ಜಿಂಗಲ್ ಬೆಲ್ಸ್’ ಮಟ್ಟನ್ನು ನುಡಿಸುತ್ತಿತ್ತು. ಅದು ಯಾವ ಹಾಡೆಂದು ಚಾಲಕನನ್ನು ಕೇಳಿದೆ. ‘ರಿವರ್ಸ್ ಹಾಡು ಸಾರ್’ ಎಂದ. ನಗು ಬಂತು, ಹಿಂದೆಯೇ ಸ್ವಲ್ಪ ಕಸಿವಿಸಿಯೂ ಆಯಿತು. ಹಿಮ ಹೋಯಿತು, ಕುದುರೆ ಹೋಯಿತು, ಹಬ್ಬವೂ ಹೋಯಿತು; ಉಳಿದದ್ದು ‘ದಾರಿ ಬಿಡಿ’ ಎಂಬ ಎಚ್ಚರಿಕೆ. ಇದರಿಂದ ಯಾರಿಗೂ ಕೇಡಿಲ್ಲ, ನಿಜ. ಆದರೆ ಜನಪ್ರಿಯತೆ ಎಂದರೆ ಇಷ್ಟೇ ಆದರೆ ಹಾಡಿಗೂ ಹಾರನ್ನಿಗೂ ಭೇದವೇನು?

ಇದಕ್ಕೆ ಉತ್ತರ ನಮ್ಮ ಕನ್ನಡದಲ್ಲೇ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜರ್ಮನ್ ಮಟ್ಟುಗಳಿಗೆ ಕನ್ನಡದ ಮಾತು ಕೂಡಿಸಿದರು. ಅವರಲ್ಲೊಬ್ಬರಾದ ಕಿಟೆಲ್ಲರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಪದ್ಯದ ಧಾಟಿಯಲ್ಲೇ ಹೇಳಿದರು. ಕ್ರಿಸ್‌ಮಸ್ ಹಾಡಲ್ಲದಿದ್ದರೂ ಇನ್ನೊಂದನ್ನು ಇಲ್ಲಿ ನೆನೆಯಬೇಕು. 1833ರಲ್ಲಿ ಕಡಲ ಪಯಣದ ನಡುವೆ ಇಂಗ್ಲೆಂಡಿನ ಪಾದ್ರಿ ನ್ಯೂಮನ್ ಬರೆದ ಪ್ರಾರ್ಥನೆಯನ್ನು ಬಿ.ಎಂ.ಶ್ರೀಯವರು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಕನ್ನಡಿಸಿದರು. ಕರುಣೆಯ ಬೆಳಕನ್ನು ಕರೆಯುವ ಆ ಗೀತೆ ನಮ್ಮ ಎಷ್ಟೋ ಶಾಲೆಗಳ ಪ್ರಾರ್ಥನೆಯಾಯಿತು. ನ್ಯೂಮನ್ನನ ಹೆಸರನ್ನೇ ಕೇಳದವರು ಅದನ್ನು ಹಾಡಿ ಕಣ್ಣೊರೆಸಿಕೊಂಡಿದ್ದಾರೆ. ಅವರೇನು ಮತ ಬಿಟ್ಟರೆ? ಇಲ್ಲ. ಅರ್ಥ ಬಿಟ್ಟರೆ? ಅದೂ ಇಲ್ಲ. ತಮ್ಮ ತಮ್ಮ ಮನೆಯ ಕತ್ತಲೆಯನ್ನು ಅದರೊಳಗೆ ತಂದರು, ಹಾಡು ಅವರದಾಯಿತು.

ನನಗೆ ತೋರುವುದಿಷ್ಟು. ಹಾಡಿನ ಮೇಲಿನ ಹಕ್ಕು ಹುಟ್ಟಿನಿಂದ ಬರುವುದಿಲ್ಲ, ಬರಿಯ ನಂಬಿಕೆಯಿಂದಲೂ ಬರುವುದಿಲ್ಲ. ಹಾಡುವವನು ತನ್ನ ಸಂತೋಷವನ್ನೋ ಸಂಕಟವನ್ನೋ ಅದರಲ್ಲಿಟ್ಟರೆ ಬರುತ್ತದೆ. ಏನನ್ನೂ ಇಡದೆ ಹಾಡಿದರೆ, ನಮ್ಮ ದೇವರ ನಾಮವೂ ನಮ್ಮದಲ್ಲ. ಮಗುವಿನ ಬಾಯಲ್ಲಿ ಪರರ ಹಾಡು ಕೇಳಿ ಹೆದರುವ ಬದಲು, ಕೊಟ್ಟಿಗೆಯಲ್ಲಿ ಹುಟ್ಟಿದ ಬಡ ಕೂಸಿನ ಕಥೆಯನ್ನು ಅದಕ್ಕೆ ತಿಳಿಸಿದರೆ ಸಾಲದೆ? ಸಾಲ ತಂದವನು ಯಾರಿಂದ ತಂದೆನೆಂಬುದನ್ನು ತಿಳಿದಿರಬೇಕು, ಅಷ್ಟೇ ಋಣ.

ನೆರೆಯ ಕ್ರೈಸ್ತರ ಮನೆಯಿಂದ ಪುರಂದರದಾಸರ ಪದವೊಂದು ಕೇಳಿಬಂದರೆ ನಾವು ಹಿಗ್ಗುತ್ತೇವೆ. ‘ನಿನಗೇನು ಅಧಿಕಾರ?’ ಎಂದು ಕೇಳಲು ಹೋಗುವುದಿಲ್ಲ. ಆ ಸೌಜನ್ಯವನ್ನು ನಮ್ಮ ಮಕ್ಕಳಿಗೂ ತೋರಿಸುವುದು ಅಷ್ಟು ಕಷ್ಟವೆ?