ಸರಿಯುತ್ತರ ಮತ್ತು ಸಂಕಟ

ವಿದೇಶದಲ್ಲಿ ವೈದ್ಯಕೀಯ ಪದವಿ ಪಡೆದು ಊರಿಗೆ ಮರಳಿದ ತರುಣ ತರುಣಿಯರು ಇಂದು ನಮ್ಮ ಕಾಸರಗೋಡಿನ ಮನೆಗಳಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಭಾರತದಲ್ಲಿ ವೃತ್ತಿಗಿಳಿಯುವ ಮುನ್ನ, 2002ರ ನಿಯಮಾವಳಿಯಂತೆ ಏರ್ಪಟ್ಟ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 300 ಪ್ರಶ್ನೆಗಳು, ಒಂದೊಂದಕ್ಕೂ ನಾಲ್ಕು ಆಯ್ಕೆಗಳು. 150 ಅಂಕ ಬಂದರೆ ಉತ್ತೀರ್ಣ. ಇದಕ್ಕಾಗಿ ಅವರು ತಿಂಗಳುಗಟ್ಟಲೆ ಕಲ್ಪಿತ ರೋಗಿಗಳ ವೃತ್ತಾಂತಗಳನ್ನು ಓದಿ ಉತ್ತರ ಹುಡುಕುವ ಅಭ್ಯಾಸ ಮಾಡುತ್ತಾರೆ. ಪ್ರಶ್ನೆಯೊಳಗಿನ ರೋಗಿಯಿಂದ ಕಲಿತ ವಿದ್ಯೆ ಎದುರಿಗೆ ಬಂದು ಕುಳಿತ ರೋಗಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

ಈ ಅಭ್ಯಾಸವನ್ನು ಬರಿಯ ಬಾಯಿಪಾಠವೆಂದು ಹಳಿಯುವುದು ನ್ಯಾಯವಲ್ಲ. ಒಂದು ಮಾದರಿಯನ್ನು ನೋಡೋಣ: ‘55 ವರ್ಷದ ಪುರುಷ, ಎಡತೋಳಿಗೆ ಹರಡುವ ಎದೆನೋವು, ಬೆವರು, ಇ.ಸಿ.ಜಿ.ಯಲ್ಲಿ ಹೃದಯದ ಕೆಳಭಾಗಕ್ಕೆ ಪೆಟ್ಟಾದ ಗುರುತು. ಯಾವ ರಕ್ತನಾಳ ಮುಚ್ಚಿರುವ ಸಂಭವ ಹೆಚ್ಚು?’ ಬಲ ಕೊರೊನರಿ ಧಮನಿಯೆಂಬ ಉತ್ತರ ಕ್ಷಣಾರ್ಧದಲ್ಲಿ ಹೊಳೆಯಬೇಕಾದರೆ ಇಂಥ ಪ್ರಶ್ನೆಗಳನ್ನು ಮತ್ತೆ ಮತ್ತೆ ಬಿಡಿಸಿರಬೇಕು. ಹೃದಯಾಘಾತದಲ್ಲಿ ಕಳೆದ ಪ್ರತಿ ನಿಮಿಷವೂ ಹೃದಯದ ಸ್ನಾಯುವಿಗೆ ನಷ್ಟ. ಆದುದರಿಂದ ವೈದ್ಯರ ಸಿದ್ಧತೆ ರೋಗಿಯ ಹಕ್ಕು. ದಯೆಯಿದ್ದು ಜ್ಞಾನವಿಲ್ಲದವರ ಕೈಗೆ ನಮ್ಮ ಹೆತ್ತವರನ್ನು ನಾವು ಒಪ್ಪಿಸಲಾರೆವು.

ಆದರೆ ಆ ಪ್ರಶ್ನೆಯಲ್ಲಿ ವೈದ್ಯರ ಅರ್ಧ ಕೆಲಸವನ್ನು ಬೇರೊಬ್ಬರು ಮಾಡಿ ಮುಗಿಸಿದ್ದಾರೆ. ನೋವು ಎಲ್ಲಿದೆ, ಎತ್ತ ಹರಡಿದೆ ಎಂಬುದನ್ನು ಹೆಕ್ಕಿ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಅಜ್ಜಿಯರು ಹಾಗೆ ಹೇಳುವುದಿಲ್ಲ. ‘ಎಂತದೋ ಸಂಕಟ, ಬಚ್ಚುತ್ತು’ ಎನ್ನುತ್ತಾರೆ. ಸಕ್ಕರೆ ಕಾಯಿಲೆಯುಳ್ಳವರಲ್ಲಿ, ವೃದ್ಧರಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತವಾಗಬಹುದೆಂದು ವೈದ್ಯಶಾಸ್ತ್ರವೇ ಹೇಳುತ್ತದೆ. ಆಗ ಆ ‘ಸಂಕಟ’ವೇ ರೋಗದ ಸುಳಿವು. ಅದು ಹೊಟ್ಟೆಯದೋ, ಎದೆಯದೋ, ದೂರದಲ್ಲಿರುವ ಮಗನನ್ನು ನೆನೆವ ಮನಸ್ಸಿನದೋ ಎಂಬುದನ್ನು ಕೇಳಿಯೇ ತಿಳಿಯಬೇಕು. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿಗಳು ಬೆರೆತ ನಮ್ಮ ನೆಲದಲ್ಲಿ ಇದು ಸಣ್ಣ ಕೆಲಸವಲ್ಲ.

ಇನ್ನೊಂದು ಅಂತರ ಮತ್ತೂ ಸೂಕ್ಷ್ಮವಾದುದು. ಈ ಪರೀಕ್ಷೆಯಲ್ಲಿ ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ. ತಿಳಿಯದ ಪ್ರಶ್ನೆಗೂ ಯಾವುದಾದರೊಂದು ಉತ್ತರವನ್ನು ಗುರುತಿಸುವುದೇ ಅಲ್ಲಿ ಜಾಣತನ. ‘ನನಗೆ ತಿಳಿಯದು’ ಎಂಬ ಐದನೆಯ ಆಯ್ಕೆಯಿಲ್ಲ. ರೋಗಿಯ ಮಂಚದ ಬಳಿ ಅದೇ ಊಹೆಗೆ ಬೆಲೆ ತೆರುವವರು ಬೇರೆಯವರು. ಅಲ್ಲಿ ‘ನನಗೆ ಖಚಿತವಿಲ್ಲ, ಕೂಡಲೇ ಮಂಗಳೂರಿಗೆ ಕರೆದೊಯ್ಯಿರಿ’ ಎಂಬ ಮಾತು ಜೀವ ಉಳಿಸಬಹುದು.

ಪರೀಕ್ಷೆ ತಾನು ಅಳೆಯಬಲ್ಲುದನ್ನಷ್ಟೇ ಅಳೆಯುತ್ತದೆ. ಉಳಿದುದನ್ನು ಬೆಳೆಸುವ ಹೊಣೆಯಲ್ಲಿ ಸಮಾಜಕ್ಕೂ ಪಾಲುಂಟು. ಸಂಶಯವನ್ನು ಬಿಚ್ಚಿ ಹೇಳಿದ ವೈದ್ಯರನ್ನು ಜರೆದು, ಕೂಡಲೇ ಚೀಟಿ ಬರೆದವರನ್ನೇ ಕೊಂಡಾಡುವ ಸಮಾಜಕ್ಕೆ ಊಹಿಸುವ ವೈದ್ಯರೇ ದೊರೆಯುತ್ತಾರೆ. ಓದಿನ ನಡುವೆ ದಿನಕ್ಕೊಮ್ಮೆ ಮನೆಯ ಹಿರಿಯರ ಬಳಿ ಕುಳಿತು, ಅವರ ಕಾಯಿಲೆಯ ಕಥೆಯನ್ನು ಅವರದೇ ಮಾತಿನಲ್ಲಿ, ನಡುವೆ ತಡೆಯದೆ ಕೇಳುವಂತೆ ನಮ್ಮ ಮಕ್ಕಳಿಗೆ ಹೇಳೋಣ. ಪಾಠಪಟ್ಟಿಯಲ್ಲಿಲ್ಲದ ಆ ಅಭ್ಯಾಸವನ್ನು ಮಾಡಿಸುವುದು ಮನೆಗಳಿಂದ ಸಾಧ್ಯ.